ಒಂದ್ ಪದ ಹೇಳಿ ಡಾಕ್ಟ್ರಮ್ಮ

"ಒಂದ್ ಪದ ಹೇಳಿ ಡಾಕ್ಟ್ರಮ್ಮ" ಎಂದರು ರಾಹೇಲಮ್ಮ. ನಾನು ಎದ್ದು ನಿಂತು, ಸ್ವಲ್ಪ ಯೋಚಿಸಿ, "ಕೃಪೆ" ಎಂದೆ.

ಕೋಣೆಯಲ್ಲಿದ್ದ ಹತ್ತೂ ಜನ ಮುಂದಿನದಕ್ಕೆ ಕಾದರು. ನಾನು ಕೂತುಬಿಟ್ಟೆ. ಆಮೇಲೆ ಬಿದ್ದು ಬಿದ್ದು ನಕ್ಕರು. ತಿಪಟೂರು ಸೀಮೆಯಲ್ಲಿ ಪದವೆಂದರೆ ಹಾಡು. ಅದನ್ನು ಹಾಡುವುದೂ ಇಲ್ಲ, ಹೇಳುತ್ತಾರೆ. ಉಡುಪಿ ಕಡೆಯಿಂದ ದನದ ಡಾಕ್ಟರಾಗಿ ಇಲ್ಲಿಗೆ ಬಂದ ಮೊದಲ ಭಾನುವಾರವೇ ನನ್ನ ಕನ್ನಡದ ಜಂಬ ಇಳಿಯಿತು.

ನನ್ನ ಉಡುಪಿ ಕಡೆಯ ಊರಿನವರೇ, ನಮ್ಮ ಕ್ರೈಸ್ತ ದೇವಾಲಯದ ಗೋಪುರ, ಕೀಬೋರ್ಡು, ಹಾಡಿನ ನಂಬರು ಹಾಕುವ ಹಲಗೆ, ಎಲ್ಲವನ್ನೂ ಮರೆತುಬಿಡಿ. ಕಿಬ್ಬನಹಳ್ಳಿ ಹತ್ತಿರ ರಾಹೇಲಮ್ಮನ ಮನೆಯ ಮುಂದಿನ ಕೋಣೆಯೇ ನಮ್ಮ ಆರಾಧನೆಯ ಜಾಗ. ತಲೆಯ ಮೇಲೆ ಅಟ್ಟ, ಅಟ್ಟದ ತುಂಬ ತೆಂಗಿನಕಾಯಿ. ನಮ್ಮಲ್ಲಿ ಬೆಳಿಗ್ಗೆ ಬಿದ್ದ ಕಾಯಿಯನ್ನು ಅರೆದು ಮಧ್ಯಾಹ್ನದ ಊಟಕ್ಕೆ ಗಸಿ ಮಾಡುತ್ತಾರೆ. ಇಲ್ಲಿ ಅದು ಕೊಬ್ಬರಿಯಾಗಲಿ ಎಂದು ವರ್ಷ ಕಾಯುತ್ತಾರೆ. ಹಾಡಿನಲ್ಲೂ ಹಾಗೆಯೇ, ಯಾರಿಗೂ ಅವಸರವಿಲ್ಲ. ಪುಸ್ತಕವೂ ಇಲ್ಲ. ಒಬ್ಬರು ಒಂದು ಸಾಲು ಹೇಳಿ ನಿಲ್ಲಿಸುತ್ತಾರೆ, ಉಳಿದವರು ಅದೇ ಸಾಲನ್ನು ತಿರುಗಿ ಹೇಳುತ್ತಾರೆ. ಇದಕ್ಕೆ ಸೊಲ್ಲು ಕೊಡುವುದು ಎನ್ನುತ್ತಾರೆ. ಓದು ಬಾರದ ರಾಹೇಲಮ್ಮನಿಗೆ ಎಷ್ಟು ಪದ ಬರುತ್ತದೆ ಎಂದು ಯಾರಿಗೂ ಗೊತ್ತಿಲ್ಲ.

ಎರಡನೆಯ ಭಾನುವಾರ ಅವರು ನನ್ನ ಪಕ್ಕವೇ ಕೂತರು. ಪದ ಮುಗಿಯುವ ಮೊದಲೇ ನನ್ನ ಕಡೆ ತಿರುಗಿದರು.

"ಅದ್ಯಾಕ್ ಡಾಕ್ಟ್ರಮ್ಮ, ಬರೀ ತುಟಿ ಅಲ್ಲಾಡುಸ್ತೀರಾ? ದನಿ ಎಲ್ಲಿ?"

ಸಿಕ್ಕಿಬಿದ್ದೆ. ಹದಿನಾಲ್ಕನೆಯ ವಯಸ್ಸಿನಲ್ಲಿ ನಮ್ಮ ಗಾಯನ ಮಂಡಳಿಯ ಮಾಸ್ಟ್ರು ಎಲ್ಲರೆದುರು ನನಗೆ ಹೇಳಿದ್ದರು: "ನೀನು ತುಟಿ ಮಾತ್ರ ಅಲ್ಲಾಡಿಸು ಮಾರಾಯ್ತಿ, ಸ್ವರ ಬೇಡ." ಅವತ್ತಿನಿಂದ ಇಪ್ಪತ್ತು ವರ್ಷ ನಾನು ದೇವರ ಮುಂದೆ ಮೂಕಿಯಾಗಿದ್ದೆ. ಇನ್ನೂರು ಜನರ ನಡುವೆ ಅದು ಯಾರಿಗೂ ತಿಳಿಯಲಿಲ್ಲ.

"ನನ್ನ ಸ್ವರ ಚೆನ್ನಾಗಿಲ್ಲ ರಾಹೇಲಮ್ಮ" ಎಂದೆ.

"ಅಯ್ಯೋ ಬುಡಿ. ದ್ಯಾವ್ರಿಗೆ ಪದ ಹೇಳಕ್ಕೆ ಪರೀಕ್ಷೆ ಪಾಸಾಗ್ಬೇಕಾ? ನಾವಿರಾದೇ ಹನ್ನೊಂದು ಜನ ಕಣ್ರೀ. ನೀವು ಸುಮ್ಕಾದ್ರೆ ಸೊಲ್ಲು ಕಮ್ಮಿಯಾಯ್ತದೆ." ಆಮೇಲೆ ದನಿ ತಗ್ಗಿಸಿದರು. "ನಮ್ಮೆಜಮಾನ್ರು ಹೋದಾಗ ನಂಗೆ ಬಾಯೇ ಬರ್ನಿಲ್ಲ. ಮೂರು ತಿಂಗ್ಳು ಇವ್ರೆಲ್ಲ ನನ್ ಪಾಲಿಂದೂ ಸೇರ್ಸಿ ಹೇಳವ್ರೆ. ಇನ್ಯಾವತ್ತೋ ನೀವು ನಮ್ ಪಾಲಿಂದು ಹೇಳ್ಬೇಕಾಯ್ತದೆ. ಇವಾಗ್ಲೇ ಕಲ್ತ್ಕಳಿ."

ಅವತ್ತು ಹೇಳಿದೆ. ಕರುವನ್ನು ದೂರ ಕಟ್ಟಿಹಾಕಿದಾಗ ಎಮ್ಮೆ ಕೂಗಿದ ಹಾಗಿತ್ತು, ನನಗೇ ಕೇಳಿಸಿತು. ಯಾರೂ ತಿರುಗಿ ನೋಡಲಿಲ್ಲ, ಮುಂದಿನ ಸಾಲಿಗೆ ಹೋದರು. ನನಗೆ ಅಳು ಬಂತು, ಸಂತೋಷವೂ ಆಯಿತು, ಸಿಟ್ಟೂ ಬಂತು. ಇಂಪು ಬೇಕಾದವರಿಗೆ ರೇಡಿಯೊ ಇದೆಯಲ್ಲ. ಜೊತೆಯವರ ದುಃಖಕ್ಕೆ ಸೊಲ್ಲು ಕೊಡುವ ಕೆಲಸವನ್ನು ನನ್ನಿಂದ ಇಪ್ಪತ್ತು ವರ್ಷ ಕಿತ್ತುಕೊಂಡದ್ದು ಯಾವ ನ್ಯಾಯ?

ಕ್ರಿಸ್ಮಸ್‌ಗೆ ಊರಿಗೆ ಬಂದಾಗ ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಬೆಂಚಿನಲ್ಲಿ ಕೂತೆ. ಹಾಡು ಶುರುವಾಯಿತು. ಅಭ್ಯಾಸಬಲ, ನಾನು ಸಾಲು ಮುಗಿಯಲೆಂದು ಕಾದೆ. ಸಾಲು ಸಾಲಿಗೂ ಹಿಂದೆ ಬಿದ್ದೆ. ಕೊನೆಯ ಸಾಲು ಮುಗಿದು ಇಡೀ ದೇವಾಲಯ ಸ್ತಬ್ಧವಾದ ಮೇಲೆ ನನ್ನೊಬ್ಬಳ ದನಿ ಎದ್ದಿತು: "ನಾವೆಲ್ಲ ನಿನ್ನ ಮನೆಯವರು." ಮಾಸ್ಟ್ರು ತಿರುಗಿ ನೋಡಿದರು. ಅರ್ಧಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ, ಪೂರ್ತಿ ಹೇಳಿದೆ.

ಹೊರಗೆ ಬಂದಾಗ ಅವರು ಕೇಳಿದರು, "ಎಂತ ಅದು, ಒಂದು ಸಾಲು ಹಿಂದೆ ಉಳಿದದ್ದು?"

"ಉಳಿದದ್ದಲ್ಲ ಮಾಸ್ಟ್ರೇ. ಸೊಲ್ಲು ಕೊಟ್ಟದ್ದು."

ಈಗ ಮತ್ತೆ ಕಿಬ್ಬನಹಳ್ಳಿಯಲ್ಲಿದ್ದೇನೆ. ಹತ್ತು ದಿನ ಊರಲ್ಲಿದ್ದು ಬಂದದ್ದಕ್ಕೋ ಏನೋ, ಮೊನ್ನೆ ಪದ ಹೇಳುವವರು ಸಾಲು ಮುಗಿಸುವ ಮೊದಲೇ ನನ್ನ ದನಿ ಹೊರಟುಬಿಟ್ಟಿತು. ರಾಹೇಲಮ್ಮ ನನ್ನ ಮೊಣಕೈ ಹಿಡಿದರು. "ಓಡ್ಬ್ಯಾಡಿ ಡಾಕ್ಟ್ರಮ್ಮ, ನಾವೂ ಬತ್ತೀವಿ." ಅಲ್ಲಿ ಒಂದು ಸಾಲು ಹಿಂದೆ, ಇಲ್ಲಿ ಅರ್ಧ ಸಾಲು ಮುಂದೆ. ಎರಡು ಕಡೆಯೂ ಸರಿಯಾಗಿ ಕೂಡುವುದಿಲ್ಲ ನಾನು. ಕೂಡದಿದ್ದರೆ ಬೇಡ, ಬಾಯಿ ಮಾತ್ರ ಇನ್ನು ಮುಚ್ಚುವುದಿಲ್ಲ.