ಒಂದು ಸೈಡ್, ಬಾಯಿ ಮುಚ್ಚಿಕೊಂಡು

ವಾದ ಮಾಡಿ ಸೋತವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ವಾದ ಶುರುವಾಗುವ ಮೊದಲೇ ಸೋತವನನ್ನು ನೋಡಿದ್ದೀರಾ? ಕಳೆದ ತಿಂಗಳು ದಿಂಡಿಗಲ್‌ಗೆ ಬಂದಿದ್ದರೆ ನೋಡಬಹುದಿತ್ತು. ಬೀಗದಂಗಡಿಯ ಮಹಡಿಯ ಮೇಲೆ, ಮರದ ಸ್ಟೂಲಿನಲ್ಲಿ, ಒಂದು ಟೇಪ್ ರೆಕಾರ್ಡರಿನ ಎದುರು ಕೂತಿದ್ದ. ನಾನೇ ಅವನು.

ಈ ಅಂಕಣ ಓದುವವರಿಗೆ ನನ್ನ ಬಾಯಿ ಗೊತ್ತು. ದೇವರಿದ್ದಾನೆ ಎಂದು ಬೆಳಿಗ್ಗೆ ವಾದಿಸಿ, ಊಟವಾದ ಮೇಲೆ ಇಲ್ಲವೆಂದು ವಾದಿಸಿ, ಎರಡಕ್ಕೂ ಕಪ್ ಹೊಡೆದ ಬಾಯಿ ಅದು. (ಆ ಕಪ್‌ಗಳಲ್ಲಿ ಅಮ್ಮ ಈಗ ಸೂಜಿ ದಾರ ಇಡುತ್ತಾಳೆ.) ಹಾಗಾಗಿ ಮನೆಯಲ್ಲಿ ಯಾರ ತಕರಾರು ಎದ್ದರೂ ವಕಾಲತ್ತು ನನ್ನ ಪಾಲಿಗೇ ಬರುತ್ತದೆ.

ಈ ಸಲ ಕೇಸು ಅಕ್ಕನದು. ನಾಗು ಅಕ್ಕ ಮದುವೆಯಾಗಿ ವರ್ಷ ಕಳೆದಿಲ್ಲ, ಒಂದು ಬೆಳಿಗ್ಗೆ ಬ್ಯಾಗ್ ಹಿಡಿದು ಓಡೈಪಟ್ಟಿಯ ನಮ್ಮ ಮನೆ ಹೊಸಿಲಲ್ಲಿ ನಿಂತಿದ್ದಳು. ಅಮ್ಮ ದ್ರಾಕ್ಷಿ ಚಪ್ಪರದ ಕೆಳಗಿನಿಂದ ಕತ್ತರಿ ಹಿಡಿದುಕೊಂಡೇ ಓಡಿ ಬಂದಳು.

"ಏನಾಯ್ತಮ್ಮಾ? ಕುಡೀತಾನಾ?"

"ಇಲ್ಲ."

"ಕೈ ಮಾಡಿದ್ನಾ?"

"ಇಲ್ಲಮ್ಮಾ. ಪಾಟ್ಟು ಕೇಳ್ತಾನೆ."

ಅಮ್ಮನ ಕೈಯ ಕತ್ತರಿ ಕೆಳಗಿಳಿಯಿತು. "ಪಾಟ್ಟು ಕೇಳೋ ಗಂಡನ್ನ ಬಿಟ್ಟು ಯಾರಾದ್ರೂ ಬರ್ತಾರಾಡೀ?"

"ಕುಡಿಯೋನಾದ್ರೆ ಕುಡಿದಾಗ್ಲಾದ್ರೂ ನಾಕು ಮಾತಾಡ್ತಿದ್ದ. ಅಂಗಡಿ ಮುಚ್ಚಿ ಮೇಲೆ ಬಂದ್ರೆ ಆ ಪೆಟ್ಟಿಗೆ ಮುಂದೆ ಕಣ್ಣು ಮುಚ್ಚಿ ಕೂತ್ರೆ ಆಯ್ತು. ಅದು ಪಾಟ್ಟಾ? ಬರೀ ಸತ್ತಂ. ಆ ಸತ್ತಂ ಇರೋ ಮನೆಗೆ ನಾ ಹೋಗಲಾರೆ." ಆಮೇಲೆ ನನ್ನ ಕಡೆ ತಿರುಗಿದಳು. "ಸತ್ತಂ ಒಂದೇ ಅಲ್ಲ ಕಣ್ಲಾ ತಂಬಿ, ನಾ ಹೇಳೋದು ಏನಂದ್ರೆ..."

"ಬಿಡಕ್ಕಾ, ಪಾಯಿಂಟ್ ಸಿಕ್ತು," ಎಂದೆ. ದಿಂಡಿಗಲ್ ಬಸ್ ಹತ್ತಿದೆ.

(ಕರ್ನಾಟಕದ ಓದುಗರಿಗೆ: ಪಾಟ್ಟು ಎಂದರೆ ಹಾಡು, ಸತ್ತಂ ಎಂದರೆ ಗದ್ದಲ. ಶತಮಾನಗಳ ಹಿಂದೆ ಈ ಕಂಬಂ ಕಣಿವೆಗೆ ಬಂದ ನಾವು ಒಲೆ ಮುಂದೆ ಕನ್ನಡ, ಬಾಗಿಲ ಆಚೆ ತಮಿಳು. ಜಗಳ ಬಂದರೆ ಎರಡೂ.)

ಬಾವ, ಅಂದರೆ ರಂಗಸಾಮಿ, ಒಳ್ಳೆಯ ಮನುಷ್ಯ. ಅವರ ಅಂಗಡಿಯಲ್ಲಿ ದೇವಸ್ಥಾನದ ಬಾಗಿಲಿಗೆ ಹಾಕುವ ತೂಕದ ಬೀಗದಿಂದ ಹಿಡಿದು ಟ್ರಂಕಿನ ಪುಟಾಣಿ ಬೀಗದವರೆಗೆ ಎಲ್ಲ ಉಂಟು. ಹಿಂದಿನ ಬೀದಿಯಲ್ಲೇ ಪಟ್ಟರೆಗಳು, ಬೀಗ ಮಾಡುವ ಸಣ್ಣ ಕಾರ್ಖಾನೆಗಳು. ದಿನವಿಡೀ ಅಲ್ಲಿಂದ ಅರ ತಿಕ್ಕುವ ಸದ್ದು. ಅಷ್ಟು ಸದ್ದಿನ ನಡುವೆ ಬದುಕುವವರು ಸದ್ದನ್ನೇ ಕಾಸು ಕೊಟ್ಟು ಕೇಳುತ್ತಾರೆಂದರೆ? ನನ್ನ ಮೊದಲ ಪಾಯಿಂಟ್ ಬಸ್ಸಿನಲ್ಲೇ ಸಿದ್ಧವಾಗಿತ್ತು.

"ಬಾ ಮಾಪ್ಳೆ," ಎಂದರು. ಹೆಂಡತಿಯ ತಮ್ಮನನ್ನು ಅವರು ಕರೆಯುವುದೇ ಹಾಗೆ. "ವಾದಕ್ಕೆ ಬಂದಿದ್ದೀಯ ಅಂತ ಮುಖದಲ್ಲೇ ಗೊತ್ತಾಗ್ತದೆ. ಆಗಲಿ. ಒಂದೇ ರೂಲು. ಒಂದು ಸೈಡ್ ಪೂರ್ತಿ ಕೇಳು, ಬಾಯಿ ಮುಚ್ಚಿಕೊಂಡು. ಆಮೇಲೂ ಸತ್ತಂ ಅಂದ್ರೆ ಈ ಸೆಟ್ಟನ್ನ ಯಾರಿಗಾದ್ರೂ ಕೊಟ್ಟು ನಾಳೆನೇ ನಿಮ್ಮಕ್ಕನ್ನ ಕರೆಯೋಕೆ ಬರ್ತೀನಿ."

"ಮಧ್ಯೆ ಮಾತಾಡಿದ್ರೆ?"

"ಮೊದಲಿಂದ."

ಇದೊಂದು ಷರತ್ತೇ? ಅಕ್ಕನ ಸಂಸಾರ ಒಂದು ಸೈಡಿನ ದೂರದಲ್ಲಿತ್ತು. ಸುಮ್ಮನಿರುವುದಷ್ಟೇ ತಾನೆ?

ಬ್ಯಾಂಡಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಹೇಳಿದರೆ ಕೇಳುವ ಮೊದಲೇ ನೀವು ತೀರ್ಪು ಕೊಡುತ್ತೀರಿ. ನಾನು ಕೊಟ್ಟಿದ್ದೆ. ಈ ಜಾತಿಯ ಸಂಗೀತಕ್ಕೆ ಪ್ರೋಗ್ರೆಸಿವ್ ರಾಕ್ ಎನ್ನುತ್ತಾರಂತೆ. ಎಲ್ಲಿಗೆ ಪ್ರೋಗ್ರೆಸ್ಸು ಎಂದು ಮಾತ್ರ ಯಾರೂ ಹೇಳುವುದಿಲ್ಲ.

ಟೇಪು ತಿರುಗಿತು. ಮೊದಲು ಆರ್ಗನ್ನಿನ ಒಂದೇ ಸ್ವರ, ಅದರ ಮೇಲೆ ಕೊಳಲಿನಲ್ಲಿ ಒಂದು ಪುಟ್ಟ ರಾಗ. ಪರವಾಗಿಲ್ಲ ಎನ್ನುವಷ್ಟರಲ್ಲಿ ಅದು ಮಾಯ. ಡ್ರಮ್ಮು ಬಂತು. ಕಾಲು ಕುಣಿಸಲು ಹೋದೆ, ತಾಳ ತಪ್ಪಿತು. ಮತ್ತೆ ಹಿಡಿದೆ, ಮತ್ತೆ ತಪ್ಪಿತು. ಕತ್ತಲಲ್ಲಿ ಮೆಟ್ಟಿಲಿಳಿಯುವಾಗ ಇನ್ನೊಂದು ಮೆಟ್ಟಿಲಿದೆ ಎಂದು ಕಾಲಿಟ್ಟು ಜೋಲಿ ಹೊಡೆಯುತ್ತೇವಲ್ಲ, ಹಾಗೆ. ಗಿಟಾರ್ ಒಂದು ದಿಕ್ಕಿಗೆ, ಆರ್ಗನ್ ಇನ್ನೊಂದು ದಿಕ್ಕಿಗೆ. ಹಾಡುವವನ ಸುಳಿವೇ ಇಲ್ಲ.

"ಬಾವಾ, ಹಾಡೋನು ಬಸ್ ತಪ್ಪಿಸಿಕೊಂಡ್ನಾ?"

ಟಕ್. ಸರ್‍ರ್‍ರ್. ರಿವೈಂಡ್. ಮೊದಲಿಂದ.

ಎರಡನೇ ಸಲ "ಇದು ಏಳು ತಾಳವಾ, ಎಂಟಾ?" ಎಂದೆ. ರಿವೈಂಡ್. ಮೂರನೇ ಸಲ ಏನೂ ಹೇಳಲಿಲ್ಲ, "ಛೆ" ಎಂದೆ. ಛೆ ಕೂಡ ಮಾತೇ ಎಂದು ತೀರ್ಪಾಯಿತು. ಪಟ್ಟರೆಯವರು ಊಟಕ್ಕೆದ್ದರೂ ನಾನು ಆ ಕೊಳಲಿನ ಆಚೆ ದಾಟಿರಲಿಲ್ಲ. ಮಾತಿನಲ್ಲಿ ಯಾರನ್ನೂ ಸೋಲಿಸಬಲ್ಲೆ. ಮಾತಾಡದೆ ಇರುವುದರಲ್ಲಿ ನಾನು ಎಲ್‌ಕೆಜಿ.

ಬಾವ ನಕ್ಕು ಕ್ಯಾಸೆಟ್ಟನ್ನೂ ಹಳೆಯ ವಾಕ್‌ಮನ್ನನ್ನೂ ಕೈಗಿಟ್ಟರು. "ಪೂರ್ತಿ ಕೇಳಿದ ದಿನ ವಾದಕ್ಕೆ ಬಾ."

ಅಕ್ಕ ಚಪ್ಪರದ ಕೆಳಗೇ ಕಾಯುತ್ತಿದ್ದಳು. "ಗೆದ್ದು ಬಂದ್ಯಾ?"

"ವಿಚಾರಣೆ ಮುಂದಕ್ಕೆ ಹೋಗಿದೆ."

ಅವಳು ನನ್ನ ಕಿವಿಯ ವಾಕ್‌ಮನ್ ನೋಡಿದಳು. "ಅಯ್ಯೋ ಸಾಮಿ. ಕಳ್ಳನ್ನ ಹಿಡಿಯೋಕೆ ಹೋದ ಪೊಲೀಸು ಕನ್ನ ಹಾಕೋ ಗುದ್ದಲಿ ತಗೊಂಡು ಬಂದಂಗಾಯ್ತು."

ಆ ವಾರವೆಲ್ಲ ಕೇಳಿದೆ. ಕೇಳಿದೆ ಎಂದರೆ ತಪ್ಪು. ಪಾಟೀಸವಾಲು ಹಾಕಿದೆ. ಇಲ್ಲಿ ಯಾಕೆ ನಿಂತೆ? ಅಲ್ಲಿ ಯಾಕೆ ಓಡಿದೆ? ಒಂದು ನಿಮಿಷದಲ್ಲಿ ಮುಗಿಯುವುದಕ್ಕೆ ಇಪ್ಪತ್ತು ಯಾಕೆ? ಬಾಯಿ ಮುಚ್ಚಿತ್ತು, ತಲೆ ಮುಚ್ಚಿರಲಿಲ್ಲ. ಪ್ರತಿ ಸಲವೂ ಅರ್ಧಕ್ಕೆ ಕಿತ್ತಿಡುತ್ತಿದ್ದೆ.

ಅಷ್ಟರಲ್ಲಿ ಕಂಬಂನಿಂದ ಕರೆ ಬಂತು. ಪಟ್ಟದ ಹೋರಿ ತೀರಿಕೊಂಡಿತ್ತು. ಹೊಸದನ್ನು ಆರಿಸಬೇಕು.

ನಮ್ಮ ಕುಲಕ್ಕೆ ಅಲ್ಲೊಂದು ದೊಡ್ಡಿ ಇದೆ, ಅದರಲ್ಲಿ ದೇವರ ಆವುಗಳು. ಅವುಗಳ ಹಾಲು ಕರೆಯುವುದಿಲ್ಲ, ಹೆಗಲಿಗೆ ನೊಗ ಇಡುವುದಿಲ್ಲ. ಆ ಮಂದೆಗೆ ಒಂದು ಹೋರಿ ರಾಜ. ಅದನ್ನು ಆರಿಸುವವರು ನಾವಲ್ಲ. ಮಂದೆಯ ಮುಂದೆ ಕಬ್ಬಿನ ಕಟ್ಟು ಇಡುತ್ತಾರೆ. ಯಾವ ಎಳೆಯ ಹೋರಿ ತಾನಾಗಿ ಮುಂದೆ ಬಂದು ಕಬ್ಬಿಗೆ ಬಾಯಿ ಹಾಕುತ್ತದೋ ಅದಕ್ಕೇ ಪಟ್ಟ. ಯಾರೂ ಕರೆಯಬಾರದು, ನಾಲಗೆ ಲೊಚಗುಟ್ಟಬಾರದು, ಕೈ ತೋರಿಸಬಾರದು. ತೋರಿಸಿದರೆ ಆ ದಿನ ಮುಗಿಯಿತು. ಇನ್ನೊಂದು ದಿನ, ಮೊದಲಿಂದ.

ಮೊದಲಿಂದ! ಈ ರೂಲನ್ನು ಎಲ್ಲೋ ಕೇಳಿದ್ದೆ.

"ತಾತಾ, ಹಸಿದ ಹೋರಿ ಕಬ್ಬು ತಿಂತದೆ. ಇದರಲ್ಲಿ ದೈವ ಎಲ್ಲಿ ಬಂತು?" ಎಂದು ಜೊತೆಗೆ ಬಂದ ನಮ್ಮ ತಾತನನ್ನು ದಾರಿಯಲ್ಲೇ ಕೇಳಿದ್ದೆ.

"ಅಲ್ಲಿ ಬಾಯಿ ಬಿಟ್ಟೆ ಅಂದ್ರೆ ನಿನ್ನ ಬಾಯಿಗೇ ಕಬ್ಬು ತುರುಕಿ ನಿನಗೇ ಪಟ್ಟ ಕಟ್ತಾರೆ," ಎಂದರು ತಾತ.

ಕೂತೆವು. ಊರಿಗೆ ಊರೇ ನೆಲದ ಮೇಲೆ. ಕರ್ಪೂರ ಉರಿದು ಮುಗಿಯಿತು. ಆವುಗಳು ನಿಂತಲ್ಲೇ ನಿಂತು ನಮ್ಮನ್ನೇ ನೋಡುತ್ತಿದ್ದವು, ನಾವು ಅವನ್ನು. ನನ್ನ ತಲೆಯೊಳಗೆ ವಾದ ಜೋರಾಗಿ ನಡೆದಿತ್ತು. ಬಿಸಿಲೇರಿತು. ವಾದ ಮುಂದುವರಿಯಿತು. ಆಮೇಲೊಂದು ಹೊತ್ತು ಬಂತು ನೋಡಿ, ಹೇಳಲು ಏನೂ ಉಳಿದಿರಲಿಲ್ಲ. ಪರವೂ ಖಾಲಿ, ವಿರೋಧವೂ ಖಾಲಿ. ನನ್ನ ಬದುಕಿನಲ್ಲಿ ಇದು ಹೊಸ ಅನುಭವ.

ಆಗ ಗಂಟೆಗಳು ಕೇಳಿಸಿದವು.

ಅವು ಬೆಳಗಿನಿಂದಲೂ ಅಲ್ಲೇ ಇದ್ದವು. ಪ್ರತಿ ಆವಿನ ಕೊರಳಲ್ಲೂ ಒಂದು. ದೊಡ್ಡ ಆವು ನಿಧಾನಕ್ಕೆ ಮೆಲುಕು ಹಾಕಿದರೆ ಅದರದೊಂದು ಲೆಕ್ಕ. ಕರು ನೊಣ ಓಡಿಸಿದರೆ ಅದರದು ಬೇರೆ ಲೆಕ್ಕ. ಮೂಲೆಯಲ್ಲಿದ್ದದ್ದು ಯಾವಾಗಲೋ ಒಮ್ಮೆ. ಯಾವುದೂ ಇನ್ನೊಂದನ್ನು ಕಾಯುತ್ತಿರಲಿಲ್ಲ. ಸುಮ್ಮನೆ ಅಡ್ಡಾದಿಡ್ಡಿ ಸದ್ದು. ಆದರೆ ಕೇಳುತ್ತಾ ಕೇಳುತ್ತಾ, ಅಷ್ಟೂ ಗಂಟೆಗಳು ಒಂದು ಕ್ಷಣಕ್ಕೆ ಕೂಡಿ ಬಿದ್ದವು. ಝಲ್! ಮತ್ತೆ ಚದುರಿದವು. ನನ್ನ ಬೆನ್ನು ನೆಟ್ಟಗಾಯಿತು. ಮತ್ತೆ ಯಾವಾಗ ಕೂಡುತ್ತವೆ? ಉಸಿರು ಬಿಗಿ ಹಿಡಿದು ಕಾದೆ. ತಾಳ ತಪ್ಪುತ್ತಿದೆ ಎಂದು ದೂರಿದ್ದೆನಲ್ಲ, ತಪ್ಪುತ್ತಿರಲಿಲ್ಲ. ಆ ಬ್ಯಾಂಡಿನವರೂ ಅವರವರ ದಾರಿಯಲ್ಲಿ ಹೋಗಿ, ಹೋಗಿ, ಒಂದು ಕಡೆ ಸೇರಲಿದ್ದರು. ನಾನು ಅಷ್ಟರವರೆಗೆ ಇರುತ್ತಲೇ ಇರಲಿಲ್ಲ.

ಕಂದು ಬಣ್ಣದ ಎಳೆಯ ಹೋರಿಯೊಂದು ಮಂದೆಯಿಂದ ಹೊರಬಂತು. ನಿಂತಿತು. ಇನ್ನೆರಡು ಹೆಜ್ಜೆ. ಕಬ್ಬು ಮುರಿದ ಸದ್ದು ಕೇಳಿದ ಮೇಲೆಯೇ ಊರಿನ ಗಂಟಲು ತೆರೆದದ್ದು. ಪಕ್ಕದಲ್ಲಿ ತಾತ ಅಳುತ್ತಿದ್ದರು.

ಹಸಿದ ಹೋರಿ ಕಬ್ಬು ತಿಂದಿತು ಎಂಬ ನನ್ನ ವಾದ ಈಗಲೂ ಹಾಗೇ ಇದೆ. ಆದರೆ ನನ್ನ ರೋಮ ಯಾಕೆ ನಿಂತಿತ್ತು? ಅದಕ್ಕೆ ಉತ್ತರ ಯಾವ ಪಕ್ಷದಿಂದಲೂ ಬಂದಿಲ್ಲ.

ಮರುದಿನ ತೇನಿಯಲ್ಲಿ ದಿಂಡಿಗಲ್ ಬಸ್ ಹಿಡಿದು, ಕಿಟಕಿ ಪಕ್ಕ ಕೂತು, ದಿಂಡಿಗಲ್‌ಗೆ ಇನ್ನು ಅರ್ಧ ಗಂಟೆ ಎನ್ನುವಾಗ ವಾಕ್‌ಮನ್ ಒತ್ತಿದೆ. ಬಾಯಿಯೂ ಮುಚ್ಚಿತ್ತು, ತಲೆಯೂ ಮುಚ್ಚಿತ್ತು.

ಅದೇ ಆರ್ಗನ್. ಅದೇ ಕೊಳಲು. ಡ್ರಮ್ಮು ಬಂದಾಗ ಕಾಲು ಕುಣಿಸಲಿಲ್ಲ, ಕಾದೆ. ಗಿಟಾರ್ ತನ್ನ ದಾರಿ ಹಿಡಿಯಿತು, ಆರ್ಗನ್ ತನ್ನದು. ಹೋಗಲಿ ಬಿಟ್ಟೆ. ಕೂಡಿದವು! ಸೀಟಿನ ಕಂಬಿ ಹಿಡಿದುಕೊಂಡೆ. ಮತ್ತೆ ಚದುರಿದವು. ನಡುವೆ ಎಲ್ಲ ನಿಂತುಹೋಗಿ ಬರೀ ಗಾಳಿಯಂಥ ಸದ್ದು. ಮೊದಲೆಲ್ಲ ಇದೇ ಜಾಗದಲ್ಲಿ "ಬೋರ್" ಎಂದು ಕಿತ್ತಿಡುತ್ತಿದ್ದೆ. ಈಗ ಅದೊಂದು ದೊಡ್ಡ ಬಯಲು. ಬಯಲಿನ ಆಚೆಯಿಂದ, ತುಂಬ ದೂರದಿಂದ, ಹಾಡುವವನು ಬಂದ. ಅವನು ತಡಮಾಡಿರಲಿಲ್ಲ. ಅಷ್ಟು ದೂರದಿಂದ ನಡೆದು ಬರಬೇಕಿತ್ತು.

ಹೊರಗೆ ಬೆಟ್ಟದ ಸಾಲು ಬಸ್ಸಿನ ಜೊತೆಗೇ ಬರುತ್ತಿತ್ತು. ಹುಟ್ಟಿದಾಗಿನಿಂದ ನೋಡಿದ ಬೆಟ್ಟ. ಅದು ಇಷ್ಟು ಎತ್ತರ ಎಂದು ಯಾರೂ ನನಗೆ ಹೇಳಿರಲಿಲ್ಲ.

ಕೊನೆಗೆ, ಎಲ್ಲ ಮುಗಿಯಿತು ಎನ್ನುವಾಗ, ಮೊದಲಲ್ಲಿ ಒಂಟಿಯಾಗಿ ಬಂದು ಕಾಣೆಯಾಗಿದ್ದ ಆ ಪುಟ್ಟ ರಾಗ ಮರಳಿ ಬಂತು. ಈಗ ಒಂಟಿಯಲ್ಲ. ಡ್ರಮ್ಮು, ಗಿಟಾರು, ಆರ್ಗನ್ನು, ದನಿ, ಎಲ್ಲರೂ ಅದನ್ನು ಹೆಗಲ ಮೇಲೆ ಹೊತ್ತು ತಂದಿದ್ದರು. ಅದೇ ರಾಗ, ಒಂದು ಸ್ವರವೂ ಬದಲಾಗಿಲ್ಲ. ನಡುವಿನ ಅಷ್ಟೂ ದಾರಿ ನಡೆದವನಿಗೆ ಮಾತ್ರ ಅದು ಬೇರೆಯಾಗಿ ಕೇಳುತ್ತದೆ. ಶಾರ್ಟ್‌ಕಟ್ ಇಲ್ಲ. ಒಂದು ನಿಮಿಷದಲ್ಲಿ ಹೇಳಬಹುದಿತ್ತಲ್ಲ ಎಂದಿದ್ದೆ. ಹೇಳಬಹುದಿತ್ತು. ಕೇಳಿಸುತ್ತಿರಲಿಲ್ಲ.

"ದಿಂಡುಕ್ಕಲ್! ಇರಂಗು, ಇರಂಗು!" ಕಂಡಕ್ಟರ್ ಭುಜ ಅಲುಗಿಸಿದ. ಇಳಿಯುವಂತೆ ಕೈ ಮಾಡಿದ. ನಾನು ತುಟಿಯ ಮೇಲೆ ಬೆರಳಿಟ್ಟೆ. ಟೇಪ್ ಇನ್ನೂ ಸ್ವಲ್ಪ ಉಳಿದಿತ್ತು. ಆತ ನನ್ನ ಒದ್ದೆ ಕಣ್ಣು ನೋಡಿ, ಯಾವುದೋ ಸಾವಿನ ಮನೆಗೆ ಹೊರಟವನಿರಬೇಕೆಂದು ಪಾಪ ಸುಮ್ಮನಾದ. ಬಸ್ ಶೆಡ್ಡಿಗೆ ಹೋಗಿ ನಿಂತಿತು. ಅಲ್ಲಿಂದ ನಡೆದೇ ಬಂದೆ.

"ಬಾವಾ, ಸೋತೆ," ಎಂದೆ.

ಬಾವ ಇನ್ನೊಂದು ಕ್ಯಾಸೆಟ್ ತೆಗೆದರು.

ಆಮೇಲಿನದ್ದು ಹೇಳಬೇಕೆ? ಅಂಗಡಿ ಹುಡುಗರ ಕೈಯಲ್ಲಿ ಬಿಟ್ಟು ಇಬ್ಬರೂ ಮೇಲೆ ಕೂತೆವು. ಒಂದಾದ ಮೇಲೆ ಒಂದು. ಮರುದಿನವೂ ಕೂತೆವು. ನಾನು ಅಲ್ಲಿಗೆ ಬಂದದ್ದು ಯಾತಕ್ಕೆ? ಅದನ್ನು ನಾನು ಕೇಳಿಕೊಳ್ಳಲಿಲ್ಲ, ಬಾವನೂ ಕೇಳಲಿಲ್ಲ.

ಕೇಳಿದವಳು ಅಕ್ಕ. ಮೆಟ್ಟಿಲೇರಿ ಬಂದದ್ದು ನಮಗೆ ತಿಳಿಯಲೇ ಇಲ್ಲ. ಟಕ್ ಎಂದಿತು. ಕಣ್ಣು ಬಿಟ್ಟರೆ ಸೆಟ್ಟಿನ ಪಕ್ಕ ಅವಳು, ಕೈಯಲ್ಲಿ ದ್ರಾಕ್ಷಿ ಬುಟ್ಟಿ.

"ಚೆನ್ನಾಗಿದೆಲಾ ತಂಬಿ. ಒಬ್ಬ ಗಂಡ ಸಾಲದು ಅಂತ ಇಂಥ ಇನ್ನೊಬ್ಬನ್ನ ನಾನೇ ಕಳಿಸಿಕೊಟ್ಟಂಗಾಯ್ತು."

"ನಾಗು, ಇನ್ನೂ ಕೊಂಜ ಇತ್ತು, ಅದು ಮುಗೀಲಿ..." ಎಂದರು ಬಾವ.

"ನಿಮ್ಮ ರೂಲು ಏನು? ತಂಬಿ ಹೇಳಿದ್ದಾನೆ. ಒಂದು ಸೈಡ್, ಬಾಯಿ ಮುಚ್ಚಿಕೊಂಡು. ಸರಿ. ಈಗ ನನ್ನ ಸೈಡು." ಬುಟ್ಟಿ ಕೆಳಗಿಟ್ಟು ನನ್ನ ಸ್ಟೂಲಿನ ಮೇಲೆ ಅವಳೇ ಕೂತಳು. ನಾನು ನೆಲಕ್ಕಿಳಿದೆ.

"ಮದುವೆ ಹೊಸದರಲ್ಲಿ ಇಲ್ಲೇ, ನಿಮ್ಮ ಪಕ್ಕದಲ್ಲೇ ಕೂತೆ..."

"ಅದಲ್ಲ ನಾಗು..."

"ಮೊದಲಿಂದ. ಮದುವೆ ಹೊಸದರಲ್ಲಿ ಇಲ್ಲೇ, ನಿಮ್ಮ ಪಕ್ಕದಲ್ಲೇ ಕೂತೆ."

"ಅಕ್ಕಾ, ಪಾಯಿಂಟ್..."

"ಮೊದಲಿಂದ."

ಆಮೇಲೆ ನಾವು ತುಟಿ ಬಿಚ್ಚಲಿಲ್ಲ. ಅಕ್ಕ ಆತುರ ಮಾಡಲಿಲ್ಲ. ಪಕ್ಕದಲ್ಲಿ ಕೂತ ಆ ಸಂಜೆಯಿಂದ ಹೊರಟು ಎಲ್ಲೆಲ್ಲಿಗೋ ಹೋದಳು. ಬಾಲ್ಯದಲ್ಲಿ ಚಪ್ಪರದ ಕೆಳಗೆ ಒಬ್ಬಳೇ ಹಾಡಿಕೊಳ್ಳುತ್ತಿದ್ದದ್ದು. ಕಪ್ ಗೆದ್ದ ತಮ್ಮ ಊಟಕ್ಕೆ ಕೂತರೆ ಬೇರೆ ಯಾರಿಗೂ ಮಾತಿಗೆ ಜಾಗವಿರದೆ ಇದ್ದದ್ದು. ಈ ಊರಿನ ನೀರಿನ ರುಚಿ. ಪಟ್ಟರೆಯ ಅರದ ಸದ್ದಿಗೆ ಬೆಳಿಗ್ಗೆ ಒಂದು ಓಟ, ಸಂಜೆ ಇನ್ನೊಂದು ಓಟ ಎಂದು ಅವಳಿಗೆ ಗೊತ್ತಾದದ್ದು, ಅದನ್ನು ಹೇಳಲು ಯಾರೂ ಇಲ್ಲದ್ದು. ನಡುವೆ ಸುಮ್ಮನಾಗುತ್ತಿದ್ದಳು. ಮುಗಿಯಿತೇನೋ ಎನಿಸುತ್ತಿತ್ತು. ಮುಗಿದಿರುತ್ತಿರಲಿಲ್ಲ. ನಾನು ಉಸಿರು ಬಿಗಿ ಹಿಡಿದು ಕಾಯುತ್ತಿದ್ದೆ. ಜೊತೆಗೆ ಬೆಳೆದವಳು. ಇವಳೊಳಗೆ ಇಷ್ಟು ಉದ್ದದ ದಾರಿ ಎಲ್ಲಿತ್ತು?

ಕೊನೆಗೆ ಹೊರಟಲ್ಲಿಗೇ ಬಂದಳು.

"ಪಕ್ಕದಲ್ಲೇ ಕೂತೆ. ನಿಜವಾಗಿ ಇಷ್ಟ ಆಗಿತ್ತು ಆ ಕೊಳಲು. ಇದೇನು ಅಂತ ಕೇಳ್ದೆ. ನೀವು ತುಟಿ ಮೇಲೆ ಬೆರಳಿಟ್ರಿ." ಅಕ್ಕ ತನ್ನ ಬೆರಳನ್ನು ತನ್ನ ತುಟಿಯ ಮೇಲಿಟ್ಟು ತೋರಿಸಿದಳು. "ಆ ಬೆರಳು ಇನ್ನೂ ತೆಗೆದಿಲ್ಲ ನೀವು."

ಕೆಳಗೆ ಪಟ್ಟರೆಯಲ್ಲಿ ಅರಗಳು ಓಡುತ್ತಿದ್ದವು. ಬಾವನ ಕಣ್ಣು ತೆರೆದೇ ಇತ್ತು. ಸಂಗೀತ ಕೇಳುವಾಗ ಅವರು ಒಮ್ಮೆಯೂ ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ.

ಅಕ್ಕ ಬುಟ್ಟಿಯಿಂದ ಒಂದು ದ್ರಾಕ್ಷಿ ಕಿತ್ತು ಬಾಯಿಗೆ ಹಾಕಿಕೊಂಡಳು.

"ಇದು ಎ ಸೈಡು. ತಿರುಗಿಸಲಾ?"