ಮುಂದಿನ ಕೋಣೆಯ ನೀರು

ನನ್ನ ಬೋಟು ಮೂತಿ ನೀರಿಗೆ ಹಾಕಿದ ದಿನ, ದಡದಲ್ಲಿದ್ದವರಿಗೆಲ್ಲ ಕಾರಣ ಗೊತ್ತಿತ್ತು. ಕಾರಣ ನಾನು. ಹೆಂಗಸು ಸ್ಟೇರಿಂಗ್ ಹಿಡಿದರೆ ಇನ್ನೇನಾಗುತ್ತದೆ ಎಂದು ಚುರುಮುರಿ ಮಾರುವವನೂ ಹೇಳಿದನಂತೆ. ಅವನಿಗೆ ಈಜಲು ಬರುವುದಿಲ್ಲ.

ಕಲ್ಯಾಣಪುರದಿಂದ ಕೆಳಗೆ, ಸ್ವರ್ಣೆ ಹೊಳೆ ಕಡಲಿಗೆ ಸೇರುವ ಅಳಿವೆಯ ಹತ್ತಿರ ನಾನು ಪ್ರವಾಸಿಗರನ್ನು ಸ್ಪೀಡ್‌ಬೋಟಿನಲ್ಲಿ ಸುತ್ತಾಡಿಸುತ್ತೇನೆ. ಮನೆ ಕಾಪುವಿನಲ್ಲಿ. ಬೆಳಿಗ್ಗೆ ಸ್ಕೂಟರಿನಲ್ಲಿ ಬಂದು ಬೋಟು ತೊಳೆದು, ಎಂಜಿನ್ ನೋಡಿ, ಜನರಿಗಾಗಿ ಕಾಯುವುದು ನನ್ನ ದಿನಚರಿ. ಲೈಸೆನ್ಸ್ ನನ್ನದು, ಬೋಟು ಮಾತ್ರ ಸೋದರಮಾವನ ಹೆಸರಿನಲ್ಲಿದೆ. ನಮ್ಮ ಮನೆಯಲ್ಲಿ ಸೋದರಮಾವನ ಮಾತಿಗೆ ಅಪ್ಪನೂ ಎದುರಾಡುವುದಿಲ್ಲ. ಅವರು ಮಲ್ಪೆಯಲ್ಲಿ ಮೀನಿನ ಬೋಟು ನಡೆಸುವ ತಾಂಡೇಲರಾಗಿದ್ದವರು, ಕಡಲಿನಲ್ಲಿ ಎಲ್ಲರೂ ಅವರು ಹೇಳಿದ ಕಡೆಗೆ ಹೋಗಬೇಕಿತ್ತು. ದಡಕ್ಕೆ ಬಂದ ಮೇಲೂ ಆ ಅಭ್ಯಾಸ ಬಿಟ್ಟಿಲ್ಲ. ಈಗ ನದಿಯ ದಡದ ಮನೆಯಲ್ಲಿದ್ದಾರೆ, ನಾನು ಬರುವ ಮೊದಲೇ ಬೋಟಿನ ಹತ್ತಿರ ಒಂದು ಸುತ್ತು ಹಾಕಿರುತ್ತಾರೆ.

ಆ ಭಾನುವಾರ ಮಣಿಪಾಲದಿಂದ ಬಂದ ಒಂದು ಸಂಸಾರ ಬೋಟಿನಲ್ಲಿತ್ತು. ಕೆಲವು ದಿನಗಳಿಂದ ವೇಗ ಕೊಟ್ಟರೂ ಬೋಟಿನ ಮೂತಿ ಏಳಲು ಸೋಮಾರಿತನ ಮಾಡುತ್ತಿತ್ತು. ಮಾವನಿಗೆ ಹೇಳಿದ್ದೆ. ಜನ ಮುಂದೆ ಹೋಗಿ ಕೂತಿರಬೇಕು ಎಂದು ಅವರು ಮಾತು ಮುಗಿಸಿದ್ದರು. ಅಳಿವೆಯ ಹತ್ತಿರ ಬಂದಾಗ ನಾನು ವೇಗ ಇಳಿಸಿದೆ. ಇಳಿಸಿದ್ದೇ ತಡ, ಒಳಗೆ ಎಲ್ಲೋ ಭಾರವಾದದ್ದು ಮುಂದಕ್ಕೆ ಉರುಳಿದ ಹಾಗಾಯಿತು. ಮೂತಿ ಕೆಳಗೆ ಹೋಯಿತು, ಎದುರಿನ ಅಲೆ ನೇರವಾಗಿ ಮೇಲೆ ಬಂದು ಎಲ್ಲರ ಮಡಿಲಿನಲ್ಲಿ ಕೂತಿತು. ಎಂಜಿನ್ ನಿಲ್ಲಿಸದೆ ನಿಧಾನಕ್ಕೆ ತಿರುಗಿಸಿ, ಮರಳು ದಿಬ್ಬದ ಮರೆಗೆ ತಂದೆ. ಯಾರಿಗೂ ಏನೂ ಆಗಲಿಲ್ಲ. ಒಂದು ಚಪ್ಪಲಿ ಹೋಯಿತು, ಮೊಬೈಲುಗಳು ಒದ್ದೆಯಾದವು. ಆದರೆ ದಡದಲ್ಲಿ ಮಾವ ಕೈ ಚಾಚಿ ನಿಂತಿದ್ದರು.

ಕೀಲಿ ಕೊಟ್ಟೆ. ಇನ್ನು ಬೇರೆ ಡ್ರೈವರ್ ನೋಡುತ್ತೇನೆ, ನೀನು ಟಿಕೆಟ್ ಕೊಡುವ ಕೆಲಸಕ್ಕೆ ಕೂತುಕೋ ಎಂದರು. ಬೈದಿದ್ದರೆ ನಾನೂ ಬೈಯುತ್ತಿದ್ದೆ. ಅವರು ಸಮಾಧಾನದಿಂದ, ಮೊದಲೇ ತೀರ್ಮಾನ ಮಾಡಿಟ್ಟಿದ್ದ ಹಾಗೆ ಹೇಳಿದರು. ನನಗೆ ಮೈಯೆಲ್ಲ ಉರಿಯಿತು. ಟಿಕೆಟಿನ ಕುರ್ಚಿಯಲ್ಲಿ ಕೂತು ಇನ್ನೊಬ್ಬ ನನ್ನ ಬೋಟು ಓಡಿಸುವುದನ್ನು ನೋಡುವುದಕ್ಕಿಂತ ಕಾರ್ಕಳದ ಗಂಡನ ಮನೆಗೆ ವಾಪಸು ಹೋಗುವುದೇ ವಾಸಿ ಎನಿಸಿತು. ಅಲ್ಲಿಂದ ನಾನು ಯಾಕೆ ಬಂದೆ ಎನ್ನುವುದು ಬೇರೆ ಕಥೆ. ನನ್ನ ಸಿಟ್ಟು ಎಷ್ಟಿತ್ತು ಎಂದು ತಿಳಿಯಲು ಇಷ್ಟು ಸಾಕು.

ಮರುದಿನ ಬೆಳಿಗ್ಗೆ ಕೀಲಿ ಇಲ್ಲದೆಯೇ ಬೋಟಿಗೆ ಹತ್ತಿದೆ. ಮೂತಿ ಇಳಿದದ್ದಕ್ಕೆ ನಾನು ಕಾರಣವಲ್ಲ ಎಂದು ನನಗೆ ಗೊತ್ತಿತ್ತು, ನಿಜವಾದ ಕಾರಣ ಬೇಕಿತ್ತು.

ನಮ್ಮ ಬೋಟಿನ ಹೊಟ್ಟೆಯಲ್ಲಿ ಮೂರು ಕೋಣೆಗಳಿವೆ. ಮುಂದಿನದರಲ್ಲಿ ಹಳೆಯ ಹಗ್ಗ ಬಿಟ್ಟರೆ ಏನೂ ಇಲ್ಲ, ಅದನ್ನು ತೆರೆಯುವ ಕೆಲಸವೇ ಬೀಳುವುದಿಲ್ಲ. ನಡುವೆ ಪೆಟ್ರೋಲ್ ಟ್ಯಾಂಕ್. ಹಿಂದೆ ಬ್ಯಾಟರಿ, ಅದರ ಕೆಳಗೆ ನೀರು ತಾಗಿದರೆ ತಾನಾಗಿ ಶುರುವಾಗಿ ಹೊರಗೆ ಹಾಕುವ ಪಂಪ್. ಬೋಟು ಅಂದ ಮೇಲೆ ಒಳಗೆ ನೀರು ಬಂದೇ ಬರುತ್ತದೆ. ಮಳೆ, ಅಲೆ, ಜನರ ಒದ್ದೆ ಕಾಲು, ಎಲ್ಲಿಂದಾದರೂ. ಅದಕ್ಕಾಗಿ ಕೋಣೆಗಳ ನಡುವಿನ ಅಡ್ಡಗೋಡೆಯ ತಳದಲ್ಲಿ ಹೆಬ್ಬೆರಳು ಹೋಗುವಷ್ಟು ತೂತು ಬಿಟ್ಟಿರುತ್ತಾರೆ. ಮುಂದೆ ಸೇರಿದ ನೀರು ತೂತಿನಿಂದ ತೂತಿಗೆ ಹರಿದು ಹಿಂದೆ ಬರುತ್ತದೆ, ಪಂಪ್ ಅದನ್ನು ಪಕ್ಕದ ಪೈಪಿನಿಂದ ಉಗುಳುತ್ತದೆ.

ಆ ಪೈಪು ಉಗುಳಿ ಎಷ್ಟೋ ದಿನವಾಗಿತ್ತು. ನಮ್ಮ ಬೋಟು ಒಂದು ತೊಟ್ಟು ನೀರು ಒಳಗೆ ಬಿಡುವುದಿಲ್ಲ ಎಂದು ಮಾವ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದರು. ಹಿಂದಿನ ಕೋಣೆ ನೋಡಿದೆ, ಒಣಗಿತ್ತು. ಬ್ಯಾಟರಿಗೆ ತಂತಿ ತಾಗಿಸಿ ನೋಡಿದರೆ ಪಂಪ್ ಗುರ್ ಎಂದಿತು. ಪಂಪ್ ಸರಿಯಿದೆ, ಅದರ ಹತ್ತಿರ ನೀರೇ ಬಂದಿಲ್ಲ. ಮುಂದಿನ ಮುಚ್ಚಳ ಎತ್ತಿ ಕೈ ಇಳಿಸಿದೆ. ಮೊಣಕೈ ಮುಳುಗಿತು.

ಮಗ್ಗಿನಲ್ಲಿ ಮೊಗೆದು ಮೊಗೆದು ಹೊರಗೆ ಹಾಕಿದೆ. ಕೊನೆಗೆ ಹೊಟ್ಟೆಯ ಮೇಲೆ ಮಲಗಿ, ತಲೆ ಒಳಗೆ ತೂರಿಸಿ, ತಳದ ತೂತು ತಡಕಿದೆ. ಬೆರಳು ಹೋಗಲಿಲ್ಲ. ಅಂಟು ಅಂಟಾದದ್ದು ಏನೋ ಬಿಗಿಯಾಗಿ ಕೂತಿತ್ತು. ಕೆದಕಿ ಎಳೆದಾಗ ಮೊದಲು ಬಂದದ್ದು ಬಾಳೆನಾರು, ಅದರ ಹಿಂದೆ ಕೊಳೆತ ಮಲ್ಲಿಗೆ. ಆಮೇಲೆ ನೆನೆದು ಉಬ್ಬಿದ ಅಕ್ಕಿ, ಅರಿಸಿನದ ಬಣ್ಣ ಇನ್ನೂ ಹೋಗಿರಲಿಲ್ಲ. ತೂತಿನೊಳಗೆ ಇನ್ನೂ ಇತ್ತು, ಬೆರಳಿಗೆ ಎಟುಕಲಿಲ್ಲ. ಮುಚ್ಚಳದ ರಬ್ಬರಿನ ಅಡಿಯಲ್ಲೂ ಅದೇ ಅಕ್ಕಿಕಾಳುಗಳು ಸಿಕ್ಕಿಕೊಂಡಿದ್ದವು. ಅದಕ್ಕೇ ಮುಚ್ಚಳ ಸರಿಯಾಗಿ ಕೂರದೆ ಅಲೆಯ ನೀರು ಒಳಗೆ ಇಳಿದಿತ್ತು, ಇಳಿದ ನೀರಿಗೆ ಹೊರಗೆ ಹೋಗಲು ದಾರಿ ಇರಲಿಲ್ಲ.

ಗುಡಿಯ ಪ್ರಸಾದ. ನಾನು ಇಟ್ಟದ್ದಲ್ಲ.

ಅಷ್ಟರಲ್ಲಿ ಮಾವ ಬಂದರು. ಕೈಯಲ್ಲಿ ಬಾಳೆಲೆಯ ಚೂರು, ಅದರೊಳಗೆ ಮಲ್ಲಿಗೆ ಮತ್ತು ಅಕ್ಷತೆ. ನಾನು ಅಷ್ಟು ಬೇಗ ಅಲ್ಲಿರುತ್ತೇನೆಂದು ಅವರು ಎಣಿಸಿರಲಿಲ್ಲ. ನಾನು ಕೆದಕಿ ತೆಗೆದದ್ದನ್ನೆಲ್ಲ ಮುಚ್ಚಳದ ಮೇಲೆ ಹರಡಿಟ್ಟೆ. ಅವರು ಅದನ್ನು ನೋಡಿದರು, ಕೈಯಲ್ಲಿದ್ದುದನ್ನೂ ನೋಡಿದರು. ಮರದ ದೋಣಿಯಾದರೆ ಮೂತಿಯ ಕೊಂಬಿಗೆ ಹೂ ಸುತ್ತಬಹುದು, ಈ ಫೈಬರಿನ ಬೋಟಿನಲ್ಲಿ ಹೂ ನಿಲ್ಲುವ ಜಾಗವೇ ಇಲ್ಲ, ಅದಕ್ಕೆ ಮುಚ್ಚಳ ಎತ್ತಿ, ಬಗ್ಗಿ ನೋಡದೆ, ಒಳಗಿನ ಹಗ್ಗದ ಮೇಲೆ ಇಡುತ್ತಿದ್ದೆ ಎಂದು ಗೊಣಗಿದರು. ದಿನಾ ಇಡುತ್ತಿದ್ದರಂತೆ. ಹಳೆಯದನ್ನು ತೆಗೆದು ಎಲ್ಲಿ ಹಾಕುವುದು, ಕಾಲಡಿಗೆ ಬೀಳಬಾರದಲ್ಲ ಎಂದು ಅಲ್ಲೇ ಬಿಡುತ್ತಿದ್ದರಂತೆ.

"ಮಲ್ಪೆಯಲ್ಲಿ ನಿಮ್ಮ ಬೋಟಿಗೂ ದಿನಾ ಇಡ್ತಿದ್ರಾ ಮಾವ?" ಎಂದು ಕೇಳಿದೆ.

"ಇಲ್ಲ. ಸೀಸನ್ ಸುರುವಿಗೆ ಒಮ್ಮೆ ಮಾತ್ರ. ಅದರಲ್ಲಿ ನಾನಿದ್ದೆನಲ್ಲ."

"ಇದರಲ್ಲಿ ನಾನಿದ್ದೇನೆ."

ನನಗೆ ಅಳು ಬಂತು, ಅಳಲಿಲ್ಲ. ನನಗಾಗಿ ದಿನಾ ಮುಂಜಾನೆ ಗುಡಿಗೆ ಹೋಗಿಬರುವ ಮನುಷ್ಯ ಇನ್ನೊಬ್ಬನಿಲ್ಲ. ಅದು ಪ್ರೀತಿಯೇ ಎಂದು ನನಗೆ ಗೊತ್ತು. ಆದರೆ ಆ ಪ್ರೀತಿಯ ತಳದಲ್ಲಿ ಇವಳಿಂದ ಆಗುವುದಿಲ್ಲ ಎನ್ನುವ ಹೆದರಿಕೆ ಇತ್ತು, ಆ ಹೆದರಿಕೆಯೇ ನನ್ನ ಬೋಟನ್ನು ಮುಳುಗಿಸಲು ಹೊರಟಿತ್ತು. ಅದನ್ನು ಅವರಿಗೆ ಹಾಗೆಯೇ ಹೇಳಿದೆ. ಸೋದರಮಾವನ ಎದುರು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು.

ಅವರು ಬಾಳೆಲೆಯನ್ನು ಸೀಟಿನ ಮೇಲಿಟ್ಟು ಮುಂದಿನ ಕೋಣೆಯೊಳಗೆ ಇಣುಕಿದರು. ಆಮೇಲೆ, ಆ ತೂತನ್ನು ಮುಚ್ಚಿಸಿಬಿಟ್ಟರೆ ಈ ರಗಳೆ ಇರುವುದಿಲ್ಲ ಅಲ್ವಾ ಎಂದರು. ಮುಚ್ಚುವುದು ಬೇಡ ಎಂದೆ. ಬೋಟಿಗೆ ನೀರೇ ಬರಬಾರದು ಎಂದು ನಾನು ಯಾವ ದೇವರನ್ನೂ ಬೇಡಿಲ್ಲ. ಬಂದ ನೀರು ನನಗೆ ಕಾಣುವ ಕಡೆಗೆ ಬರಲಿ, ಅದನ್ನು ಹೊರಗೆ ಹಾಕುವುದು ನನ್ನ ಕೆಲಸ. ಮುಚ್ಚಿಟ್ಟ ಕೋಣೆಯಲ್ಲಿ ಏನು ತುಂಬಿಕೊಂಡಿದೆ ಎಂದು ಗೊತ್ತಿಲ್ಲದೆ ನಾನು ಜನರನ್ನು ಹತ್ತಿಸುವುದಿಲ್ಲ.

ಬೋಟು ಗುಡಿಸುವ ಹಿಡಿಸೂಡಿಯಿಂದ ಒಂದು ಗಟ್ಟಿ ಕಡ್ಡಿ ಮುರಿದು ಅವರ ಕೈಗೆ ಕೊಟ್ಟೆ.

"ನನಗಾಗಿ ದಿನಾ ಎಂತಾದರೂ ಮಾಡ್ಲೇಬೇಕು ಅಂತ ಉಂಟಾದ್ರೆ, ಬೆಳಿಗ್ಗೆ ಬಂದು ಈ ತೂತಿಗೆ ಕಡ್ಡಿ ಹಾಕಿ ಮಾವ. ಹೂ ಹೊರಗಿನ ಕಂಬಿಗೆ ಕಟ್ಟಿ. ಕೀಲಿ ಕೊಡಿ."

ಅವರು ಕಡ್ಡಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಮುಂಡು ಎತ್ತಿ ಕಟ್ಟಿ, ಮೊಣಕಾಲೂರಿ, ಮುಂದಿನ ಕೋಣೆಯೊಳಗೆ ಕೈ ಇಳಿಸಿದರು. ಸ್ವಲ್ಪ ಹೊತ್ತಿನಲ್ಲಿ ತಳದಲ್ಲಿ ಉಳಿದಿದ್ದ ನೀರು ಹಿಂದಿನವರೆಗೆ ಹರಿದು ಬಂದ ಸದ್ದು ಕೇಳಿತು. ಪಂಪ್ ತಾನಾಗಿ ಶುರುವಾಯಿತು. ಪಕ್ಕದ ಪೈಪು ಎಲ್ಲರಿಗೂ ಕಾಣುವ ಹಾಗೆ, ಅರಿಸಿನ ಬೆರೆತ ಕೊಳಕು ನೀರನ್ನು ಹೊಳೆಗೆ ಉಗುಳಿತು. ದಡದಲ್ಲಿ ಚುರುಮುರಿಯವನು ಎದ್ದು ನಿಂತು ನೋಡುತ್ತಿದ್ದ.

ಮಾವ ಏಳದೆ, ನನ್ನ ಮುಖ ನೋಡದೆ, ಜೇಬಿನಿಂದ ಕೀಲಿ ತೆಗೆದು ಹಿಂದಕ್ಕೆ ಚಾಚಿದರು. ನಾನು ಎಂಜಿನ್ ಶುರು ಮಾಡಿದೆ. ಅವರು ಇಳಿಯಲು ಹೋಗದೆ ಅಲ್ಲೇ ಕೂತರು.