ಆಗ್ಲಿ ಮೇಡಂ ಪಿಎಚ್‌ಡಿಗೆ ಹೋದದ್ದು

ಸಾರಿಗೆ ಕಚೇರಿಯ ಎರಡನೇ ಮಹಡಿಯಲ್ಲಿ, ಲಿಫ್ಟಿನ ಪಕ್ಕದ ಕಂಪ್ಯೂಟರ್ ಕೋಣೆಯಲ್ಲಿ ಕೂರುತ್ತಿದ್ದ ಹೆಂಗಸಿಗೆ ಕಚೇರಿಯವರೆಲ್ಲ ಸೇರಿ ಇಟ್ಟ ಹೆಸರು ‘ಆಗ್ಲಿ ಮೇಡಂ’. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಬೆನ್ನ ಹಿಂದೆಯೇ. ಆದರೆ ಆ ಕೋಣೆಯ ಗೋಡೆ ಪ್ಲೈವುಡ್ಡಿನದು. ಬೆನ್ನ ಹಿಂದಿನ ಮಾತು ಅವಳಿಗೆ ಎದುರಿನ ಮಾತಿಗಿಂತ ಚೆನ್ನಾಗಿ ಕೇಳಿಸುತ್ತಿತ್ತು. ಅದಕ್ಕೂ ಅವಳು ಏನೂ ಅನ್ನಲಿಲ್ಲ.

ಹೆಸರು ಸುಮ್ಮನೆ ಬಂದದ್ದಲ್ಲ. ಭಾನುವಾರವೂ ಬನ್ನಿ ಎಂದರೆ ಆಗ್ಲಿ. ನಿಮ್ಮ ಕುರ್ಚಿ ಹೊಸ ಸಾಹೇಬರಿಗೆ ಬೇಕಂತೆ ಎಂದರೆ ಆಗ್ಲಿ. ಅಪ್ಪ ಒಂದು ಗಂಡು ತೋರಿಸಿದಾಗ ಆಗ್ಲಿ ಎಂದಿದ್ದಳು. ಕೆಲವು ವರ್ಷ ಬಾಳಿದ ಮೇಲೆ ಅದೇ ಗಂಡ ಒಂದು ಬೆಳಿಗ್ಗೆ ಶೂ ಲೇಸು ಕಟ್ಟಿಕೊಳ್ಳುತ್ತ, “ನಿನ್ನ ಜೊತೆ ಇದ್ರೆ ಒಬ್ಬನೇ ಇದ್ದ ಹಾಗಿರುತ್ತೆ, ಡೈವೋರ್ಸ್ ತಗೊಳ್ಳೋಣ” ಎಂದಾಗಲೂ ಆಗ್ಲಿ ಎಂದಳು. ಇಷ್ಟು ಸಲೀಸಾದ ಕೇಸಿನಲ್ಲಿ ತನಗೇನು ಕೆಲಸ ಎಂದು ವಕೀಲನೇ ಬೇಸರಪಟ್ಟುಕೊಂಡನಂತೆ. ಅವಳಿಗೆ ದುಃಖವಾಗಲಿಲ್ಲ, ಬಿಡುಗಡೆಯೂ ಅನ್ನಿಸಲಿಲ್ಲ. ಹಲ್ಲು ಕೀಳುವ ಮುಂಚೆ ಕೊಡುವ ಇಂಜೆಕ್ಷನ್ನಿನ ಜೋಮು ಇಳಿಯದೇ ಉಳಿದರೆ ದವಡೆ ಹೇಗಿರುತ್ತದೋ ಅವಳು ಪೂರ್ತಿ ಹಾಗೇ ಇದ್ದಳು. ತೌರಿಗೆ ಬಂದು ಅಪ್ಪ ಮತ್ತು ಸೋದರತ್ತೆಯ ಜೊತೆ ಇರತೊಡಗಿದಳು.

ಯಾವ ಡ್ರೈವರ್‌ಗೆ ಯಾವ ಬಸ್ಸು ಎಂದು ದಿನಾ ಹೊಂದಿಸಿ ಕೊಡುವ ಪ್ರೋಗ್ರಾಮನ್ನು ನೋಡಿಕೊಳ್ಳುವುದು ಅವಳ ಕೆಲಸ. ಕೇಳಲು ಸುಲಭ. ಮೊದಲು ಬಂದ ಡ್ರೈವರ್‌ಗೆ ಅವನ ಮನೆಗೆ ಹತ್ತಿರದ ಡಿಪೋದ ಬಸ್ಸು, ಆಮೇಲೆ ಬಂದವನಿಗೆ ಉಳಿದದ್ದರಲ್ಲಿ ಹತ್ತಿರದ್ದು, ಹೀಗೆ ಕೊಡುತ್ತ ಹೋದರಾಯಿತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಹಾಗೆ ಮಾಡಿದರೆ ಕೊನೆಗೆ ಬಂದ ಬಡಪಾಯಿ ಊರಿನ ಆಚೆ ತುದಿಗೆ ಓಡಬೇಕಾಗುತ್ತದೆ. ಒಬ್ಬೊಬ್ಬರಿಗೂ ಒಳ್ಳೆಯದನ್ನೇ ಆರಿಸಿದರೂ ಒಟ್ಟು ಲೆಕ್ಕ ಹಳ್ಳ ಹಿಡಿಯುತ್ತದೆ. ಈ ಗಂಟನ್ನು ಬಿಡಿಸಲು ಅವಳು ತನ್ನದೇ ಒಂದು ದಾರಿ ಹುಡುಕಿಕೊಂಡಿದ್ದಳು. ಅದರಲ್ಲಿ ಮುಳುಗಿದಾಗ ಮಾತ್ರ ಅವಳಿಗೆ ಊಟದ ನೆನಪು ಹೋಗುತ್ತಿತ್ತು. ಅದನ್ನೇ ಬರೆದು, ಈ ವಿಷಯದಲ್ಲಿ ಹೆಸರಾದ ಒಬ್ಬ ಪ್ರೊಫೆಸರಮ್ಮನಿಗೆ ಕಳಿಸಿದಳು. ಯಾಕೆ ಕಳಿಸಿದಳೋ ಅವಳಿಗೇ ಗೊತ್ತಿಲ್ಲ.

ಪ್ರೊಫೆಸರಮ್ಮ ಫೋನ್ ಮಾಡಿದರು. “ಇದರ ಮೇಲೆ ಪಿಎಚ್‌ಡಿ ಮಾಡಬಹುದು ರೀ. ನಾನು ರಿಟೈರ್ ಆಗೋಕೆ ಮುಂಚೆ ಕೊನೇದಾಗಿ ಒಬ್ಬರನ್ನ ತಗೋತೀನಿ. ಇನ್ನೊಬ್ಬರೂ ಕೇಳಿದ್ದಾರೆ. ಇಬ್ಬರೂ ಬನ್ನಿ, ಮಾತಾಡೋಣ.”

ಮನೆಯಲ್ಲಿ ವಿಷಯ ತಿಳಿದಾಗ ಅತ್ತೆ ಕೇಳಿದಳು, “ಎಷ್ಟು ವರ್ಷ ಓದಬೇಕು?”

“ಐದಾಗಬಹುದು.”

“ಐದು ವರ್ಷ ಏನನ್ನ ಓದ್ತೀಯ?”

“ಬಸ್ಸು ಹೊಂದಿಸೋದನ್ನ.”

“ಈಗ ಅದನ್ನೇ ಮಾಡ್ತಿದ್ದೀಯಲ್ಲೇ, ಸಂಬಳಾನೂ ಕೊಡ್ತಾರೆ. ಓದಿ ಓದಿ ಮರುಳಾದ ಕೂಚಂಭಟ್ಟನ ಕಥೆ ಆಯ್ತು ನಿಂದು.”

ಅತ್ತೆಯ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಅವಳಿಗೆ ಆ ಸೀಟು ಬೇಕಿತ್ತು. ಏನಾದರೂ ಬೇಕು ಎಂದು ಅನ್ನಿಸಿ ಎಷ್ಟು ಕಾಲವಾಗಿತ್ತೆಂದರೆ, ಮೊದಲು ಅದನ್ನು ಅಸಿಡಿಟಿ ಎಂದುಕೊಂಡಿದ್ದಳು. ಅಪ್ಪ ಮಾತ್ರ ಅಡ್ಡ ಬರಲಿಲ್ಲ. ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದು, ವಕೀಲರ ಜಗಳವನ್ನು ಟೈಪ್ ಮಾಡಿ ಮಾಡಿ, ವಾದ ಎಂಬ ಪದವನ್ನೇ ದ್ವೇಷಿಸುವ ಮನುಷ್ಯ ಅವರು. “ಹೋಗಿ ಬಾ. ದೊಡ್ಡವರ ಹತ್ತಿರ ಹೇಗೆ ನಡ್ಕೋಬೇಕು ಅಂತ ನಿನಗೆ ಹೇಳ್ಕೊಡಬೇಕಾಗಿಲ್ಲ” ಎಂದರು.

ಪ್ರೊಫೆಸರಮ್ಮನ ಕೋಣೆ ಕಿರಿದು. ಒಂದು ಬಿಳಿ ಬೋರ್ಡು, ಪುಸ್ತಕ ಪೇರಿಸಿದ ಸ್ಟೂಲು, ಎರಡು ಪ್ಲಾಸ್ಟಿಕ್ ಕುರ್ಚಿ. ಒಂದರಲ್ಲಿ ಇನ್ನೊಬ್ಬ ಅಭ್ಯರ್ಥಿ, ಗಡ್ಡದವನು, ಕಾಲು ಚಾಚಿ ಕೂತಿದ್ದ. ಪ್ರೊಫೆಸರಮ್ಮ ಬೋರ್ಡಿನ ಮೇಲೆ ಸಾಲು ಸಾಲಾಗಿ ಒಂದು ಪ್ರಮೇಯದ ಸಾಧನೆ ಬರೆದರು. ಮೂರನೇ ಸಾಲಿನಲ್ಲಿ, ಪ್ರತಿ ಸಲವೂ ಹತ್ತಿರದ್ದನ್ನೇ ಆರಿಸಿಕೊಂಡರೆ ಒಟ್ಟು ದೂರ ಎಲ್ಲಕ್ಕಿಂತ ಕಡಿಮೆಯಾಗುತ್ತದೆ ಎಂದಿತ್ತು. ಅವರ ಪೆನ್ನು ಬೋರ್ಡಿನಿಂದ ಏಳುವ ಮುಂಚೆಯೇ ಅವಳಿಗೆ ತಪ್ಪು ಕಂಡಿತು. ಇದು ಅವಳು ದಿನಾ ಮುಖ ನೋಡುವ ತಪ್ಪು.

“ಏನಂತೀರಿ?” ಎಂದರು.

ಗಡ್ಡದವನು ಥಟ್ಟನೆ, “ಎರಡನೇ ಸಾಲು ತಪ್ಪು ಮೇಡಂ” ಎಂದ. ಎರಡನೇ ಸಾಲು ಅಪ್ಪಟ ಚಿನ್ನದಂತಿತ್ತು. ಪ್ರೊಫೆಸರಮ್ಮ ಅದನ್ನು ತೋರಿಸಿಕೊಟ್ಟರು. ಅವನು ಒಪ್ಪಲಿಲ್ಲ. ಮತ್ತೆ ತೋರಿಸಿದರು. ಅವನು ಎದ್ದು ಬಂದು ಅವರ ಕೈಯಿಂದಲೇ ಪೆನ್ನು ತೆಗೆದುಕೊಂಡು, ಏನೋ ಗೀಚಿ, ತನ್ನದೇ ಗೀಚಿನಲ್ಲಿ ಸಿಕ್ಕಿಬಿದ್ದು, ಮೊಂಡುಬಿದ್ದು ಕೂತ. ಅವನ ಧೈರ್ಯ ನೋಡಿ ನಾಚಿಕೆಯಾದದ್ದು ಅವಳಿಗೆ.

ಪ್ರೊಫೆಸರಮ್ಮ ಇವಳ ಕಡೆ ತಿರುಗಿದರು. “ನೀವು ಹೇಳಿ. ಇದನ್ನ ಹೀಗೇ ಇಟ್ಕೊಂಡು ಮುಂದೆ ಹೋಗೋಣವಾ?”

ಮೂರನೇ ಸಾಲು ಎಂಬ ಎರಡು ಪದ ನಾಲಿಗೆಯ ತುದಿಯಲ್ಲಿದ್ದವು. ಕೋಲೆ ಬಸವನ ಹಾಗೆ ತಲೆ ತಾನಾಗಿ ಆಡಿತು.

“ಆಗ್ಲಿ ಮೇಡಂ” ಎಂದಳು.

ಗಡ್ಡದವನನ್ನು ಕಳಿಸಿದ ಮೇಲೆ ಪ್ರೊಫೆಸರಮ್ಮ ಅವಳ ಎದುರಿನ ಕುರ್ಚಿಗೆ ಬಂದು ಕೂತರು. “ಮೂರನೇ ಸಾಲನ್ನ ಬೇಕಂತಲೇ ತಪ್ಪು ಬರೆದಿದ್ದೆ. ನೀವು ಕಳಿಸಿದ್ದರಲ್ಲಿ ಅದೇ ವಿಷಯ ಇದೆ. ಗೊತ್ತಾಗಲಿಲ್ವಾ?”

“ಗೊತ್ತಾಯ್ತು.”

“ಮತ್ತೆ ಯಾಕೆ ಹೇಳಲಿಲ್ಲ?”

ಅವಳು ನಿಜವಾದ ಕಾರಣ ಹುಡುಕಿದಳು. ಒಂದೇ ಸಿಕ್ಕಿತು. “ನೀವು ಬರೆದಿದ್ರಿ.”

ಪ್ರೊಫೆಸರಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. “ನೋಡಿ, ಅವನಿಗಿಂತ ನಿಮಗೆ ಹೆಚ್ಚು ಗೊತ್ತು. ಆದ್ರೆ ಈ ಕೆಲಸದಲ್ಲಿ ನಾನು ಕಟ್ಟಿದ್ದನ್ನ ಕೆಡವೋರು ಬೇಕು. ನೀವು ಐದು ವರ್ಷ ತಲೆ ಆಡಿಸಿದ್ರೆ, ನನ್ನ ತಪ್ಪಿಗೆಲ್ಲ ನಿಮ್ಮ ಹೆಸರು ಹಾಕಿ ಬೈಂಡ್ ಮಾಡ್ತೀವಿ ಅಷ್ಟೇ. ಅವನು ಜಗಳ ಆಡಿದ್ದು ತಪ್ಪು ಜಾಗದಲ್ಲಿ, ಆದ್ರೆ ಆಡಿದ. ಸೀಟು ಅವನಿಗೆ ಕೊಡ್ತೀನಿ. ಬೇಜಾರಾಯ್ತಾ?”

“ಇಲ್ಲ” ಎಂದಳು. ಸುಳ್ಳಲ್ಲ. ಬೇಜಾರು ಆಗಬೇಕಾದ ಜಾಗವನ್ನು ಒತ್ತಿ ನೋಡಿಕೊಂಡಳು, ಏನೂ ಆಗಲಿಲ್ಲ. ಹೊರಗೆ ಬಂದು ಬಸ್ಸು ಹತ್ತಿ, ಕಿಟಕಿ ಪಕ್ಕ ಕೂತು, ಇಳಿಯುವ ಸ್ಟಾಪು ದಾಟಿ ಹೋಗಿ, ವಾಪಸು ನಡೆದುಕೊಂಡು ಬಂದಳು.

ಮನೆಯಲ್ಲಿ ಅತ್ತೆ ಬಡಿಸುತ್ತಿದ್ದಳು. ಕೈ ತೊಳೆದು ಕೂತು ಅವಳು ನಡೆದದ್ದನ್ನೆಲ್ಲ ಹೇಳಿದಳು, ಬೇರೆ ಯಾರದೋ ವಿಷಯ ಹೇಳುವ ಹಾಗೆ. ಕೇಳುತ್ತ ಕೇಳುತ್ತ ಅಪ್ಪನ ಮುಖ ಅರಳಿತು. ಅದೇ ಅವಳಿಗೆ ಅರ್ಥವಾಗಲಿಲ್ಲ.

“ಒಳ್ಳೇ ಕೆಲಸ ಮಾಡಿದೆ ಮಗಳೇ” ಎಂದರು. “ಅಷ್ಟು ಓದಿದವರ ತಪ್ಪನ್ನ ಇನ್ನೊಬ್ಬರ ಎದುರು ಎತ್ತಿ ಆಡಲಿಲ್ಲ ನೋಡು, ಅದು ದೊಡ್ಡತನ. ಮಾತು ಬಲ್ಲವನಿಗೆ ಜಗಳವಿಲ್ಲ. ಸೀಟು ಹೋದ್ರೆ ಹೋಯ್ತು, ಸಂಸ್ಕಾರ ಉಳೀತು.”

ಎಲ್ಲೋ ತೀರ ಒಳಗೆ ಚುಳ್ ಎಂದಿತು. ಎಷ್ಟೋ ವರ್ಷದ ಮೇಲೆ ಅವಳಿಗೆ ನೋವಾಯಿತು, ಅದೂ ಹೊಗಳಿಕೆಯಿಂದ.

“ಅಪ್ಪ, ನೀವು ಹೇಳ್ತಿರೋದು ತಪ್ಪು.”

ಅತ್ತೆಯ ಕೈಯಲ್ಲಿದ್ದ ಸೌಟು ನಿಂತಿತು. ಅಪ್ಪ ತಲೆಯೆತ್ತಿದರು. “ಏನು ತಪ್ಪು?”

“ನಾಲ್ಕನೇ ಕ್ಲಾಸಲ್ಲಿ ಮೇಷ್ಟ್ರು ಬೋರ್ಡ್ ಮೇಲೆ ಲೆಕ್ಕ ತಪ್ಪು ಮಾಡಿದ್ರು, ನಾನು ಎದ್ದು ಹೇಳಿದೆ. ಸಂಜೆ ನೀವು ನನ್ನ ಕೈ ಹಿಡ್ಕೊಂಡು ಅವರ ಮನೆಗೆ ಕರ್ಕೊಂಡು ಹೋಗಿ ಕ್ಷಮೆ ಕೇಳಿಸಿದ್ರಿ. ದಾರಿ ಉದ್ದಕ್ಕೂ ಬುದ್ಧಿ ಹೇಳಿದ್ರಿ. ಲೆಕ್ಕ ಸರಿ ಇತ್ತಾ ತಪ್ಪಿತ್ತಾ ಅಂತ ಒಂದು ಸಲಾನೂ ಕೇಳಲಿಲ್ಲ. ತಪ್ಪಿತ್ತು ಅಪ್ಪ. ಕಳೆಯೋ ಜಾಗದಲ್ಲಿ ಕೂಡಿದ್ರು.”

ಅವಳ ದನಿ ಏರಿರಲಿಲ್ಲ. ಅಪ್ಪ ಕಲೆಸಿದ ಅನ್ನವನ್ನು ತಟ್ಟೆಯ ಅಂಚಿಗೆ ಸರಿಸಿದರು. ಅವರು ಕೆಟ್ಟ ಮನುಷ್ಯರಲ್ಲ. ಆಮೇಲೆ, ನಿಜವಾಗಿಯೂ ಅರ್ಥವಾಗದವರ ಹಾಗೆ, ಮೆಲ್ಲಗೆ ಕೇಳಿದರು:

“ಹಂಗಿದ್ರೆ ಅದನ್ನ ನೀನು ಆಗಲೇ ನನಗೆ ಹೇಳಬಾರದಿತ್ತೇನಮ್ಮ?”